ಬಿಟ್‌ಕಾಯಿನ್ ಮೈನಿಂಗ್: ಮಷೀನ್ ಆರಿಸುವ ಮೊದಲು ಯೂನಿಟ್ ಲೆಕ್ಕ ಹಾಕಿ

ಮೈನಿಂಗ್ ಮಷೀನ್‌ಗಳಲ್ಲಿ ಎಸ್21 ತಗೊಳ್ಳಲಾ, ಹಳೇ ಎಸ್19 ಅಗ್ಗಕ್ಕೆ ಸಿಗುತ್ತಿದೆ ಅದೇ ಸಾಕಾ? ಮೈನಿಂಗ್, ಅಂದರೆ ಮಷೀನ್‌ಗಳ ಲೆಕ್ಕದ ಸ್ಪರ್ಧೆಯಲ್ಲಿ ಗೆದ್ದು ಹೊಸ ಬಿಟ್‌ಕಾಯಿನ್ ಗಳಿಸುವ ಕೆಲಸ, ಶುರು ಮಾಡಬೇಕು ಅನ್ನುವವರು ಸಾಮಾನ್ಯವಾಗಿ ಕೇಳುವುದೇ ಇದನ್ನು. ನನ್ನ ಪ್ರಕಾರ ಇದು ಮೂರನೇ ಪ್ರಶ್ನೆ. ಮೊದಲು ಗೊತ್ತಾಗಬೇಕಾದದ್ದು ನಿಮಗೆ ಒಂದು ಯೂನಿಟ್ ಕರೆಂಟ್ ಎಲ್ಲ ಸೇರಿ ಎಷ್ಟಕ್ಕೆ ಬೀಳುತ್ತದೆ ಅನ್ನುವುದು. ಆಮೇಲೆ, ಬಂದ ಕಾಯಿನ್ ಮಾರಿದಾಗ ಟ್ಯಾಕ್ಸ್ ಯಾವುದರ ಮೇಲೆ ಬೀಳುತ್ತದೆ ಅನ್ನುವುದು. ಈ ಎರಡಕ್ಕೆ ಉತ್ತರ ಇಟ್ಟುಕೊಂಡರೆ ಮಷೀನ್ ಆರಿಸುವುದು ಹತ್ತು ನಿಮಿಷದ ಕೆಲಸ. ಕೆಲವೊಮ್ಮೆ ಆರಿಸುವ ಅಗತ್ಯವೇ ಇಲ್ಲ ಅಂತಲೂ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. ಬಿಟ್‌ಕಾಯಿನ್ ನೆಟ್‌ವರ್ಕ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಒಂದು ಕಟ್ಟು) ಸಿಗುತ್ತದೆ, ಅಂದರೆ ದಿನಕ್ಕೆ 144. 2024ರ ಏಪ್ರಿಲ್‌ನ ಹಾವಿಂಗ್ (ಬಹುಮಾನ ಅರ್ಧಕ್ಕೆ ಇಳಿಯುವುದು) ಆದ ಮೇಲೆ ಒಂದು ಬ್ಲಾಕ್‌ಗೆ ಬಹುಮಾನ 3.125 ಬಿಟ್‌ಕಾಯಿನ್. ಹಾಗಾಗಿ ಇಡೀ ಜಗತ್ತಿನ ಮೈನರ್‌ಗಳೆಲ್ಲ ಸೇರಿ ದಿನಕ್ಕೆ ಹಂಚಿಕೊಳ್ಳುವುದು ಸುಮಾರು 450 ಬಿಟ್‌ಕಾಯಿನ್. ವಹಿವಾಟಿನ ಶುಲ್ಕವೂ ಸ್ವಲ್ಪ ಸೇರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಈ 450ರಲ್ಲಿ ನಿಮ್ಮ ಪಾಲು ಎಷ್ಟು ಅಂದರೆ, ಒಟ್ಟು ಹ್ಯಾಶ್‌ರೇಟ್‌ನಲ್ಲಿ ನಿಮ್ಮ ಮಷೀನಿನ ಪಾಲು ಎಷ್ಟೋ ಅಷ್ಟು. ಹ್ಯಾಶ್‌ರೇಟ್ ಅಂದರೆ ಮಷೀನ್‌ಗಳು ಸೆಕೆಂಡಿಗೆ ಎಷ್ಟು ಸಲ ಈ ಲೆಕ್ಕ ಪ್ರಯತ್ನಿಸುತ್ತವೆ ಅನ್ನುವುದು. 2025ರಲ್ಲಿ ಒಟ್ಟು ಹ್ಯಾಶ್‌ರೇಟ್ 1000 ಎಕ್ಸಾಹ್ಯಾಶ್ ಮುಟ್ಟಿತು (ಒಂದು ಎಕ್ಸಾಹ್ಯಾಶ್ ಅಂದರೆ 10 ಲಕ್ಷ ಟೆರಾಹ್ಯಾಶ್). ನಾನು ಕೆಳಗೆಲ್ಲ ಅದನ್ನೇ ಹಿಡಿದಿದ್ದೇನೆ, ಜೊತೆಗೆ ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ. ನೀವು ಓದುವ ದಿನ ಈ ಎರಡೂ ಅಂಕಿ ಬೇರೆ ಇರಬಹುದು. ಆ ದಿನದ್ದನ್ನು ಹಾಕಿಕೊಂಡು ಗುಣಿಸಿ, ದಾರಿ ಬದಲಾಗುವುದಿಲ್ಲ.

ಮಷೀನ್‌ಗಳನ್ನು ಹೋಲಿಸುವುದು ಹೇಗೆ

ಮಾರುವವರು ಟೆರಾಹ್ಯಾಶ್ ಹೇಳುತ್ತಾರೆ. ನೀವು ನೋಡಬೇಕಾದದ್ದು ಒಂದು ಯೂನಿಟ್ ಕರೆಂಟ್ ತಿಂದು ಅದು ಎಷ್ಟು ರೂಪಾಯಿ ಕೊಡುತ್ತದೆ ಅನ್ನುವುದು.

ಆಂಟ್‌ಮೈನರ್ ಎಸ್21 ತಗೊಳ್ಳಿ. 200 ಟೆರಾಹ್ಯಾಶ್, 3500 ವ್ಯಾಟ್. ದಿನವಿಡೀ ಓಡಿದರೆ 84 ಯೂನಿಟ್. ಮೇಲಿನ ಲೆಕ್ಕದಲ್ಲಿ ಅದರ ಪಾಲು ದಿನಕ್ಕೆ 0.00009 ಬಿಟ್‌ಕಾಯಿನ್, ಅಂದರೆ 720 ರೂಪಾಯಿ. 84ರಿಂದ ಭಾಗಿಸಿದರೆ ಯೂನಿಟ್‌ಗೆ 8 ರೂಪಾಯಿ 57 ಪೈಸೆ. ನಿಮ್ಮ ಕರೆಂಟ್ ಇದಕ್ಕಿಂತ ಜಾಸ್ತಿ ಬಿದ್ದರೆ ಮಷೀನ್ ಪುಕ್ಕಟೆ ಕೊಟ್ಟರೂ ಬೇಡ.

ಇದೇ ರೀತಿ ಉಳಿದವನ್ನೂ ನೋಡೋಣ. ಎಸ್21 ಎಕ್ಸ್‌ಪಿ 270 ಟೆರಾಹ್ಯಾಶ್, 3645 ವ್ಯಾಟ್. ಯೂನಿಟ್‌ಗೆ ಸುಮಾರು 11 ರೂಪಾಯಿ ಕೊಡುತ್ತದೆ. ಎಸ್19 ಪ್ರೊ 110 ಟೆರಾಹ್ಯಾಶ್, 3250 ವ್ಯಾಟ್; ಕೊಡುವುದು ಸುಮಾರು 5 ರೂಪಾಯಿ. ಒಂದು ಕಾಲದಲ್ಲಿ ಎಲ್ಲೆಡೆ ಓಡುತ್ತಿದ್ದ ಎಸ್9 ಈಗ ಯೂನಿಟ್‌ಗೆ ಒಂದೂವರೆ ರೂಪಾಯಿ ಕೊಡುತ್ತದೆ, ಅಷ್ಟೇ. ಹಳೇ ಎಸ್19 ಯಾಕೆ ಅಷ್ಟು ಅಗ್ಗಕ್ಕೆ ಸಿಗುತ್ತಿದೆ ಅನ್ನುವುದಕ್ಕೆ ಇಲ್ಲೇ ಉತ್ತರ ಇದೆ. ಅದು ಕೆಟ್ಟ ಮಷೀನ್ ಅಲ್ಲ. ಯೂನಿಟ್‌ಗೆ ಮೂರು ನಾಲ್ಕು ರೂಪಾಯಿಗೆ ಕರೆಂಟ್ ಸಿಗುವ ಜಾಗದಲ್ಲಿ ಅದು ಇವತ್ತಿಗೂ ದುಡಿಯುತ್ತದೆ. ನಮ್ಮ ಮನೆಯ ಮೀಟರಿಗೆ ಮಾತ್ರ ಆಗುವುದಿಲ್ಲ.

ಈ ಅಂಕಿಗಳು ನಿಂತಲ್ಲಿ ನಿಲ್ಲುವುದಿಲ್ಲ ಅನ್ನುವುದೂ ನೆನಪಿರಲಿ. ಪ್ರತಿ 2016 ಬ್ಲಾಕ್‌ಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ ಡಿಫಿಕಲ್ಟಿ (ಬ್ಲಾಕ್ ಸಿಗುವುದು ಎಷ್ಟು ಕಷ್ಟ ಅನ್ನುವ ಅಳತೆ) ಬದಲಾಗುತ್ತದೆ. ಕಾಯಿನ್ ಬೆಲೆ ಏರಿದರೆ ಜನ ಇನ್ನಷ್ಟು ಮಷೀನ್ ಹಚ್ಚುತ್ತಾರೆ, ಡಿಫಿಕಲ್ಟಿ ಏರುತ್ತದೆ, ನಿಮ್ಮ ಪಾಲು ಕರಗುತ್ತದೆ. ಬೆಲೆ ಡಬಲ್ ಆದರೆ ನನ್ನ ಆದಾಯವೂ ಡಬಲ್ ಅಂತ ಲೆಕ್ಕ ಹಾಕುವವರು ಇದೊಂದನ್ನು ಮರೆತಿರುತ್ತಾರೆ. ಇದರ ಮೇಲೆ ನಾಲ್ಕು ವರ್ಷಕ್ಕೊಮ್ಮೆ ಹಾವಿಂಗ್, ಮುಂದಿನದು 2028ರ ಸುಮಾರಿಗೆ. ಆ ದಿನ ಬಹುಮಾನ ಅರ್ಧ ಆಗುತ್ತದೆ, ನಿಮ್ಮ ಕರೆಂಟ್ ಬಿಲ್ ಅರ್ಧ ಆಗುವುದಿಲ್ಲ.

ಕರ್ನಾಟಕದ ಮನೆಯಲ್ಲಿ ಓಡಿಸಿದರೆ

ಮನೆಯ ಎನರ್ಜಿ ಚಾರ್ಜ್, ಅದರ ಮೇಲೆ ತೆರಿಗೆ, ಸರ್‌ಚಾರ್ಜ್, ಕಿಲೋವ್ಯಾಟ್ ಲೆಕ್ಕದ ಫಿಕ್ಸೆಡ್ ಚಾರ್ಜ್ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿಯೋಣ. ನಿಮ್ಮ ಹಿಂದಿನ ತಿಂಗಳ ಬಿಲ್ ತೆಗೆದು, ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿದರೆ ನಿಮ್ಮದು ಎಷ್ಟು ಅಂತ ಅಂದಾಜು ಸಿಗುತ್ತದೆ. ಗೃಹಜ್ಯೋತಿಯನ್ನು ಲೆಕ್ಕಕ್ಕೇ ತಗೊಳ್ಳಬೇಡಿ. ಒಂದು ಎಸ್21 ಎರಡೂವರೆ ದಿನದೊಳಗೆ 200 ಯೂನಿಟ್ ದಾಟಿಸುತ್ತದೆ, ದಾಟಿದ ಮೇಲೆ ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಇನ್ನೊಂದು ವಿಷಯವನ್ನು ಹಲವರು ಹಗುರವಾಗಿ ತಗೊಳ್ಳುತ್ತಾರೆ. ಮನೆಗೆ ಅಂತ ಪಡೆದ ಕನೆಕ್ಷನ್‌ನಲ್ಲಿ ವ್ಯಾಪಾರ ನಡೆಸಿದರೆ ವಿದ್ಯುತ್ ಕಾಯ್ದೆ 2003ರ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ, ಅನ್ವಯಿಸುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ನೀರಾವರಿ ಪಂಪ್‌ಸೆಟ್‌ನ ಪುಕ್ಕಟೆ ಲೈನಿಗೆ ಮಷೀನ್ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅದು ರೈತರ ಪಾಲಿನ ಕರೆಂಟ್.

ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಹೋಗುವುದು ಬರೀ ದುಡ್ಡಲ್ಲ. 3500 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ 15 ಆಂಪಿಯರ್. ನಮ್ಮ ಮನೆಯ ಪವರ್ ಪ್ಲಗ್ 16 ಆಂಪಿಯರ್‌ನದು, ಸರಿಹೋಗುತ್ತದೆ ಅಲ್ವಾ ಅನ್ನಿಸುತ್ತದೆ. ಆದರೆ ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ, ಇದು ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಪ್ಲಗ್ಗಿನ ಒಂದು ಪಿನ್ ಕೂದಲೆಳೆಯಷ್ಟು ಸಡಿಲ ಇದ್ದರೂ ಅಲ್ಲೇ ಬಿಸಿ ಹುಟ್ಟುತ್ತದೆ. ಮೊದಲು ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ರಂಧ್ರದ ಸುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುಟ್ಟ ವಾಸನೆ, ಆಮೇಲೆ ಪಿನ್ ಸಾಕೆಟ್ಟಿಗೇ ಅಂಟಿಕೊಳ್ಳುತ್ತದೆ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, ದಪ್ಪ ತಾಮ್ರದ ವೈರ್, ಒಂದು ಮಷೀನಿಗೆ ಒಂದು ಎಂಸಿಬಿ, ಕಾರ್ಖಾನೆಗಳಲ್ಲಿ ಬಳಸುವಂಥ ಸಾಕೆಟ್, ಸರಿಯಾದ ಅರ್ಥಿಂಗ್: ಇಷ್ಟು ಇಲ್ಲದೆ ಸ್ವಿಚ್ ಹಾಕಬೇಡಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು, ಅದಕ್ಕೂ ಖರ್ಚಿದೆ. ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜ್ 200ಕ್ಕಿಂತ ಕೆಳಗೆ ಇಳಿಯುವ ಊರಾದರೆ ಮಷೀನ್ ಪದೇ ಪದೇ ನಿಲ್ಲುತ್ತದೆ, ಅಲ್ಲಿ ಸ್ಟೆಬಿಲೈಸರ್ ಖರ್ಚೂ ಸೇರಿಸಿ.

ಇನ್ನು ಬಿಸಿ. ಮಷೀನ್ ತಿಂದ 3500 ವ್ಯಾಟ್ ಕರೆಂಟ್ ಪೂರ್ತಿ ಶಾಖವಾಗಿ ಹೊರಗೆ ಬರುತ್ತದೆ. ಒಂದು ಟನ್ ಏಸಿ ತೆಗೆದುಹಾಕುವ ಶಾಖವೂ ಸುಮಾರು ಅಷ್ಟೇ. ಅಂದರೆ ಮುಚ್ಚಿದ ಕೋಣೆಯಲ್ಲಿಟ್ಟು ಏಸಿ ಹಾಕಿದರೆ, ಒಂದು ಮಷೀನಿಗೆ ಒಂದು ಟನ್ ಏಸಿ ಬಿಡುವಿಲ್ಲದೆ ಓಡಬೇಕು, ದಿನಕ್ಕೆ ಇನ್ನೂ 24 ಯೂನಿಟ್‌ಗಿಂತ ಜಾಸ್ತಿ. 84 ಇದ್ದದ್ದು 108 ಆಯಿತು, ಲಾಭ ಅಲ್ಲೇ ಮುಗಿಯಿತು. ಆದ್ದರಿಂದ ಏಸಿ ಬಿಟ್ಟು ಗಾಳಿಯಲ್ಲೇ ಓಡಿಸಬೇಕು: ಒಂದು ಕಡೆಯಿಂದ ತಂಪು ಗಾಳಿ ಒಳಗೆ, ಇನ್ನೊಂದು ಕಡೆಯಿಂದ ಎಕ್ಸಾಸ್ಟ್. ಬೆಂಗಳೂರು, ಮೈಸೂರು, ಹಾಸನದಲ್ಲಿ ಇದು ವರ್ಷದ ಬಹುಪಾಲು ನಡೆಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಮಷೀನ್ ತಾನೇ ವೇಗ ಇಳಿಸುತ್ತದೆ ಇಲ್ಲವೇ ನಿಂತುಬಿಡುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿ, ತೇವ. ಬೋರ್ಡ್‌ಗೆ ತುಕ್ಕು ಬೇಗ. ಸದ್ದು 75 ಡೆಸಿಬೆಲ್ ಆಸುಪಾಸು, ಹಗಲು ರಾತ್ರಿ. ಅಪಾರ್ಟ್‌ಮೆಂಟ್‌ನಲ್ಲಿ ಇದು ಆಗದ ಮಾತು, ಪಕ್ಕದ ಮನೆಯವರ ನಿದ್ದೆಗೆ ನಾವು ಬೆಲೆ ಕಟ್ಟಲು ಆಗುವುದಿಲ್ಲ. ಫಿನ್‌ಲ್ಯಾಂಡಿನಂಥ ಚಳಿ ದೇಶದಲ್ಲಿ ಮೈನಿಂಗ್ ಬಿಸಿಯನ್ನು ಮನೆಗಳಿಗೆ ಕೊಟ್ಟು ಖರ್ಚು ಇಳಿಸಿಕೊಳ್ಳುತ್ತಾರೆ. ನಮಗೆ ಆ ಅನುಕೂಲ ಇಲ್ಲ.

ಟ್ಯಾಕ್ಸ್: ಲೆಕ್ಕ ತಲೆಕೆಳಗಾಗುವುದು ಇಲ್ಲಿ

2022ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಕ್ರಿಪ್ಟೋ ಆದಾಯಕ್ಕೆ ಶೇ 30 ತೆರಿಗೆ, ಸೆಸ್ ಸೇರಿ ಶೇ 31.2. ದರಕ್ಕಿಂತ ದೊಡ್ಡ ಪೆಟ್ಟು ಅದನ್ನು ಲೆಕ್ಕ ಹಾಕುವ ರೀತಿಯದ್ದು. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆ ಎಂದು ಪರಿಗಣಿಸುವುದಿಲ್ಲ ಅಂತ 2022ರ ಮಾರ್ಚ್‌ನಲ್ಲಿ ಹಣಕಾಸು ಸಚಿವಾಲಯ ಲೋಕಸಭೆಯಲ್ಲೇ ಉತ್ತರ ಕೊಟ್ಟಿದೆ.

ಮತ್ತೆ ಎಸ್21ಕ್ಕೆ ಬನ್ನಿ. ದಿನಕ್ಕೆ 720 ಬಂತು. ಪೂಲ್ (ಮೈನರ್‌ಗಳು ಒಟ್ಟಾಗಿ ದುಡಿದು ಬಹುಮಾನ ಹಂಚಿಕೊಳ್ಳುವ ಗುಂಪು) ಶುಲ್ಕ ಶೇ 2 ಹೋಗಿ 705. ಕರೆಂಟಿಗೆ 588. ಉಳಿದದ್ದು 117, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ತೆರಿಗೆ ಬೀಳುವುದು 117ರ ಮೇಲಲ್ಲ, 705ರ ಮೇಲೆ: 220 ರೂಪಾಯಿ. ದಿನಕ್ಕೆ ನೂರು ರೂಪಾಯಿ ಕೈಯಿಂದ ಹೋಯಿತು, ಮಷೀನಿನ ಬೆಲೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೊಸ ಎಸ್21 ಎಕ್ಸ್‌ಪಿ ಹಾಕಿದರೆ ತೆರಿಗೆ ಕಳೆದು ದಿನಕ್ಕೆ ಸುಮಾರು 43 ರೂಪಾಯಿ ಉಳಿಯುತ್ತದೆ. ಮಷೀನ್ 4 ಲಕ್ಷಕ್ಕೆ ಕೈಗೆ ಸಿಕ್ಕಿತು ಅಂತ ಇಟ್ಟುಕೊಂಡರೂ ಅಸಲು ಬರಲು 25 ವರ್ಷ. ಅಷ್ಟರಲ್ಲಿ ಆರು ಹಾವಿಂಗ್ ಕಳೆದಿರುತ್ತದೆ.

ಕಾಯಿನ್ ಮಾರುವಾಗ ಹಿಡಿಯುವ ಶೇ 1 ಟಿಡಿಎಸ್ ಬೇರೆ ಇದೆ, ಅದು ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ, ದೊಡ್ಡ ತೊಂದರೆ ಅಲ್ಲ. ಮೈನ್ ಮಾಡಿದ ಕಾಯಿನ್ ಕೈಗೆ ಬಂದ ದಿನ ಅದನ್ನು ಹೇಗೆ ತೋರಿಸಬೇಕು ಅನ್ನುವುದನ್ನು ಮಾತ್ರ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿ. ವರ್ಷದ ಕೊನೆಯಲ್ಲಿ ಕೇಳಿದರೆ ದಿನದಿನದ ದರದ ದಾಖಲೆ ಹುಡುಕುತ್ತಾ ಕೂರಬೇಕಾಗುತ್ತದೆ.

ಅಮೆರಿಕದಲ್ಲಿರುವ ನಮ್ಮವರ ಸ್ಥಿತಿ ಬೇರೆ. ಅಲ್ಲಿ ಮೈನಿಂಗನ್ನು ವ್ಯವಹಾರವಾಗಿ ನಡೆಸುವವರು ಕರೆಂಟ್ ಖರ್ಚನ್ನು ಕಳೆಯಬಹುದು. ಆದರೆ ಕ್ಯಾಲಿಫೋರ್ನಿಯಾದ ಮನೆ ಕರೆಂಟ್ ದರದಲ್ಲಿ ಲೆಕ್ಕ ಹಾಕಿದರೆ ಅಲ್ಲೂ ಉಳಿಯುವುದು ಏನೂ ಇಲ್ಲ.

ಬೇರೆ ಕಡೆ ಇಟ್ಟು ಓಡಿಸುವ ಹೋಸ್ಟಿಂಗ್

ಮಷೀನ್ ನಿಮ್ಮದು, ಜಾಗ, ಕರೆಂಟ್, ನಿಗಾ ಅವರದು. ಹೊರದೇಶದ ಹೋಸ್ಟಿಂಗ್ ದರ ಯೂನಿಟ್‌ಗೆ 7 ಸೆಂಟ್ ಅಂತ ಹಿಡಿದರೆ ನಮ್ಮ ದುಡ್ಡಲ್ಲಿ 6 ರೂಪಾಯಿ ಆಸುಪಾಸು. ನಮ್ಮ ಮನೆ ದರಕ್ಕಿಂತ ಬಹಳ ಕಡಿಮೆ ಏನಲ್ಲ, ಆದರೆ ವೈರಿಂಗ್, ಏಸಿ, ಸದ್ದಿನ ತಲೆನೋವು ತಪ್ಪುತ್ತದೆ.

ಅಗ್ಗದ ಕರೆಂಟ್ ಎಲ್ಲಿದೆಯೋ ಮೈನಿಂಗ್ ಅಲ್ಲಿಗೆ ಹೋಗುತ್ತದೆ, ಅಲ್ಲಿ ನಿಯಮ ಬದಲಾದರೆ ಒಂದೇ ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತದೆ. ಚೀನಾದ ಸಿಚುವಾನ್‌ನಲ್ಲಿ ಮಳೆಗಾಲದ ಜಲವಿದ್ಯುತ್ ನಂಬಿ ಬೆಳೆದಿದ್ದ ಉದ್ಯಮ 2021ರ ಮೇ-ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದಾಗ ಖಾಲಿಯಾಯಿತು. ಅಲ್ಲಿಂದ ಕಝಾಕಸ್ತಾನಕ್ಕೆ ಹೋದವರಿಗೆ ಅದೇ ಚಳಿಗಾಲದಲ್ಲಿ ಕರೆಂಟ್ ಕೊರತೆ ಎದುರಾಯಿತು. ಪಕ್ಕದ ಭೂತಾನ್ ತನ್ನ ಜಲವಿದ್ಯುತ್ತಿನಿಂದ ಸರ್ಕಾರದ ಕಂಪನಿಯ ಮೂಲಕವೇ ಮೈನಿಂಗ್ ಮಾಡುತ್ತದೆ. ಅದೇ ದೇಶ ಚಳಿಗಾಲದಲ್ಲಿ ನದಿ ಸೊರಗಿದಾಗ ಭಾರತದಿಂದ ಕರೆಂಟ್ ಕೊಳ್ಳುತ್ತದೆ.

ಟೆಕ್ಸಾಸ್‌ನ ದೊಡ್ಡ ಕಂಪನಿಗಳು ಆಡುವ ಆಟ ಇನ್ನೊಂದು ರೀತಿಯದು. 2023ರ ಆಗಸ್ಟ್‌ನ ಬಿಸಿಲಲ್ಲಿ ಗ್ರಿಡ್ ಒತ್ತಡದಲ್ಲಿದ್ದಾಗ ರಯಟ್ ಪ್ಲಾಟ್‌ಫಾರ್ಮ್ಸ್ ಅನ್ನುವ ಮೈನಿಂಗ್ ಕಂಪನಿ ಮಷೀನ್‌ಗಳನ್ನು ನಿಲ್ಲಿಸಿ ಸುಮಾರು 3.17 ಕೋಟಿ ಡಾಲರ್ ಕ್ರೆಡಿಟ್ ಪಡೆಯಿತು. ಆ ತಿಂಗಳು ಮೈನ್ ಮಾಡಿದ ಕಾಯಿನ್‌ಗಳ ಬೆಲೆಗಿಂತ ಅದೇ ಜಾಸ್ತಿ. ನಾವು ಸ್ಪರ್ಧಿಸಬೇಕಾದದ್ದು ಇಂಥವರ ಜೊತೆ.

ಹೋಸ್ಟಿಂಗ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಷ್ಟನ್ನು ಲಿಖಿತವಾಗಿ ಕೇಳಿ: ಮಷೀನಿನ ಸೀರಿಯಲ್ ನಂಬರ್ ನನ್ನ ಹೆಸರಲ್ಲಿ ಇರುತ್ತದಾ, ಪೂಲ್ ಖಾತೆ ನನ್ನದೇ ಇಡಬಹುದಾ, ತಿಂಗಳಿಗೆ ಎಷ್ಟು ಗಂಟೆ ನಿಲ್ಲಿಸುತ್ತೀರಿ, ರಿಪೇರಿ ಯಾರ ಲೆಕ್ಕ, ಬಿಟ್ಟು ಹೋಗಬೇಕಾದರೆ ಮಷೀನ್ ವಾಪಸ್ ಕಳಿಸಲು ಎಷ್ಟು. ಪೂಲ್ ಖಾತೆ ನಿಮ್ಮದಾಗಿರಲು ಒಪ್ಪದವರ ಹತ್ತಿರ ಹೋಗಲೇಬೇಡಿ. ಹೊರದೇಶದಲ್ಲಿ ಇಟ್ಟ ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸುವ ಜವಾಬ್ದಾರಿಯೂ ನಿಮ್ಮದೇ.

ಕ್ಲೌಡ್ ಮೈನಿಂಗ್ ಬೇಡ

ಕ್ಲೌಡ್ ಮೈನಿಂಗ್ ಅಂದರೆ ಮಷೀನ್ ಕಣ್ಣಿಗೆ ಕಾಣದೆ, ಬೇರೆಯವರ ಮೈನಿಂಗ್‌ಗೆ ದುಡ್ಡು ಹಾಕಿ ಪಾಲು ಪಡೆಯುವುದು. ಇದರ ಬಗ್ಗೆ ಸಮತೋಲನದ ಮಾತು ನನ್ನಲ್ಲಿ ಇಲ್ಲ. ಡಿಫಿಕಲ್ಟಿ ಎರಡು ವಾರಕ್ಕೊಮ್ಮೆ ಬದಲಾಗುವ ವ್ಯವಸ್ಥೆಯಲ್ಲಿ ತಿಂಗಳಿಗೆ ಇಷ್ಟು ಅಂತ ಖಚಿತ ಆದಾಯವನ್ನು ಯಾರೂ ಪ್ರಾಮಾಣಿಕವಾಗಿ ಕೊಡಲಾರರು. ಗೇನ್‌ಬಿಟ್‌ಕಾಯಿನ್ ಪ್ರಕರಣ ನೆನಪಿದೆಯಾ? 2015ರಲ್ಲಿ ಶುರುವಾದ ಆ ಯೋಜನೆ 18 ತಿಂಗಳ ಕಾಲ ತಿಂಗಳಿಗೆ ಶೇ 10 ಕೊಡುತ್ತೇವೆ ಅಂದಿತ್ತು. ದೇಶದಾದ್ಯಂತ ಜನ ಹಣ ಹಾಕಿದರು, ಕೊನೆಗೆ ಇಡಿ, ಸಿಬಿಐ ತನಿಖೆಗೆ ಬಂದು ನಿಂತಿತು. ಈಗ ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಅದೇ ಮಾತು ಹೊಸ ಹೆಸರಿನಲ್ಲಿ ಬರುತ್ತಿದೆ. ನಿಮ್ಮ ಮನೆಯ ಹಿರಿಯರ ಫೋನಿಗೂ ಬಂದಿರಬಹುದು, ಒಮ್ಮೆ ಕೇಳಿ ನೋಡಿ.

ಸೋಲಾರ್ ಇದೆ, ಕರೆಂಟ್ ಪುಕ್ಕಟೆ ಅಲ್ವಾ?

ಅಲ್ಲ. ಒಂದು ಕಿಲೋವ್ಯಾಟ್ ಪ್ಯಾನಲ್ ನಮ್ಮಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಒಂದು ಎಸ್21ರ 84 ಯೂನಿಟ್‌ಗೆ 21 ಕಿಲೋವ್ಯಾಟ್ ಬೇಕು, ಅಂದರೆ ಸುಮಾರು 2000 ಚದರ ಅಡಿ ತಾರಸಿ. ಅದೂ ಹಗಲು ಮಾತ್ರ. ಬರೀ ಬಿಸಿಲಿದ್ದಾಗ ಓಡಿಸಿದರೆ ಮಷೀನ್ ದಿನದ ಮುಕ್ಕಾಲು ಪಾಲು ಸುಮ್ನೆ ಕೂರುತ್ತದೆ, ಹಾಗೆ ಕೂತಿದ್ದರೂ ಡಿಫಿಕಲ್ಟಿ ಏರುತ್ತಲೇ ಇರುತ್ತದೆ. ಇನ್ನು ಗ್ರಿಡ್‌ಗೆ ಜೋಡಿಸಿದ ಸೋಲಾರ್ ಆದರೆ ನೀವು ಬಳಸದ ಯೂನಿಟ್‌ಗೆ ಎಸ್ಕಾಂನಿಂದ ಬೆಲೆ ಸಿಗುತ್ತದೆ. ಮಷೀನಿಗೆ ಹಾಕಿದ ಪ್ರತಿ ಯೂನಿಟ್‌ಗೂ ಆ ಬೆಲೆಯನ್ನು ಖರ್ಚು ಅಂತಲೇ ಬರೆದುಕೊಳ್ಳಿ.

ಬೇರೆ ಕಾಯಿನ್‌ಗಳು

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಇಥೀರಿಯಂ ಮಾಡುವ ಕಾಲ 2022ರ ಸೆಪ್ಟೆಂಬರ್ 15ಕ್ಕೆ ಮುಗಿಯಿತು. ಲೈಟ್‌ಕಾಯಿನ್ ಮತ್ತು ಡೋಜ್‌ಕಾಯಿನ್ ಅನ್ನು ಒಂದೇ ಮಷೀನ್ ಒಟ್ಟಿಗೆ ಮಾಡುತ್ತದೆ, ಆಂಟ್‌ಮೈನರ್ ಎಲ್9 ಅಂಥದ್ದು. ಅದಕ್ಕೂ ಯೂನಿಟ್ ಲೆಕ್ಕವೇ. ಮೊನೆರೊವನ್ನು ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರ್‌ನಲ್ಲೇ ಮಾಡಬಹುದು, ಹೊಸ ಮಷೀನ್ ಬೇಡ. ಆದರೆ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್ ಬೈನಾನ್ಸ್ ಸಹ 2024ರ ಫೆಬ್ರವರಿಯಲ್ಲಿ ಅದನ್ನು ಪಟ್ಟಿಯಿಂದ ತೆಗೆದಿದೆ, ಮಾರುವ ದಾರಿ ಮೊದಲು ನೋಡಿಕೊಳ್ಳಿ.

ಪೂಲ್ ಆರಿಸುವಾಗ ಎರಡು ಮುಖ್ಯ ಬಗೆ. ಎಫ್‌ಪಿಪಿಎಸ್ ಅಂದರೆ ಪೂಲ್‌ಗೆ ಬ್ಲಾಕ್ ಸಿಗಲಿ ಬಿಡಲಿ ನಿಮ್ಮ ಕೆಲಸಕ್ಕೆ ದಿನದ ಕೂಲಿ ಬರುತ್ತದೆ, ಶುಲ್ಕ ಸ್ವಲ್ಪ ಜಾಸ್ತಿ. ಪಿಪಿಎಲ್‌ಎನ್‌ಎಸ್‌ನಲ್ಲಿ ಬ್ಲಾಕ್ ಸಿಕ್ಕಾಗ ಮಾತ್ರ ಹಂಚಿಕೆ, ಶುಲ್ಕ ಕಡಿಮೆ. ಒಂದೆರಡು ಮಷೀನ್ ಇರುವವರಿಗೆ, ತಿಂಗಳ ಬಿಲ್ ಕಟ್ಟಬೇಕಲ್ಲ, ಎಫ್‌ಪಿಪಿಎಸ್ ವಾಸಿ.

ಮೈನಿಂಗಾ, ನೇರ ಕೊಳ್ಳುವುದಾ

ಬಿಟ್‌ಕಾಯಿನ್ ಬೇಕು ಅನ್ನುವುದೇ ಗುರಿಯಾದರೆ ಈ ಹೋಲಿಕೆಯನ್ನು ತಪ್ಪದೆ ಮಾಡಿ. ರೂಪಾಯಿ ಬಿಡಿ, ಕಾಯಿನ್‌ನಲ್ಲೇ ಎಣಿಸೋಣ. ಎಸ್21 ಎಕ್ಸ್‌ಪಿಗೆ 4 ಲಕ್ಷ, ವರ್ಷದ ಕರೆಂಟಿಗೆ 7 ರೂಪಾಯಿಯಂತೆ ಸುಮಾರು 2.23 ಲಕ್ಷ. ಮೂರು ವರ್ಷಕ್ಕೆ ಒಟ್ಟು 10.7 ಲಕ್ಷ. ಅದೇ ಹಣಕ್ಕೆ, 80 ಲಕ್ಷದ ದರದಲ್ಲಿ, ಅಷ್ಟಷ್ಟೇ ಕೊಳ್ಳುತ್ತಾ ಹೋದರೆ 0.134 ಬಿಟ್‌ಕಾಯಿನ್ ಆಗುತ್ತದೆ. ಮಷೀನ್ ಮೂರು ವರ್ಷದಲ್ಲಿ ಪೂಲ್ ಶುಲ್ಕ ಕಳೆದು ಕೊಡುವುದು 0.130. ಅದೂ ಡಿಫಿಕಲ್ಟಿ ಒಂದಿಷ್ಟೂ ಏರಲಿಲ್ಲ, ಹಾವಿಂಗ್ ಬರಲಿಲ್ಲ, ಒಂದು ದಿನವೂ ಕರೆಂಟ್ ಹೋಗಲಿಲ್ಲ ಅಂತ ಇಟ್ಟುಕೊಂಡರೆ.

ತೆರಿಗೆ ಇಲ್ಲೂ ಮುಖ್ಯ. ಕೊಂಡ ಕಾಯಿನ್ ಮಾರಿದರೆ ಕೊಂಡ ಬೆಲೆ ಕಳೆದು ಲಾಭಕ್ಕೆ ಮಾತ್ರ ತೆರಿಗೆ. ಮೈನ್ ಮಾಡಿದ್ದರಲ್ಲಿ ಕರೆಂಟಿಗೆ ಸುರಿದ ಹಣವನ್ನೂ ಕಳೆಯುವಂತಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಬೆವರು ಸುರಿಸಿ ವ್ಯವಸ್ಥೆ ಕಟ್ಟಿದವನಿಗೆ ಸುಮ್ನೆ ಕೊಂಡವನಿಗಿಂತ ಜಾಸ್ತಿ ಹೊರೆ. ಆದರೆ ನಿಯಮ ಬದಲಾಗುವ ತನಕ ಲೆಕ್ಕ ಹಾಕಬೇಕಾದದ್ದು ಇರುವ ನಿಯಮದ ಮೇಲೆಯೇ.

ಕಲಿಯುವ ಆಸೆಯಿಂದ ಬಂದವರಿಗೆ ಮಾತ್ರ ನಾನು ಬೇಡ ಅನ್ನುವುದಿಲ್ಲ. ಅವರಿಗೆ ಬಿಟ್‌ಆ್ಯಕ್ಸ್‌ನಂಥ ಅಂಗೈಯಗಲದ ಮೈನರ್ ಸಾಕು. ಗಾಮಾ ಮಾಡೆಲ್ ಸುಮಾರು 1.2 ಟೆರಾಹ್ಯಾಶ್, 18 ವ್ಯಾಟ್ ಆಸುಪಾಸು. ತಿಂಗಳಿಗೆ 13 ಯೂನಿಟ್, ನೂರು ರೂಪಾಯಿಯೊಳಗೆ. ಒಬ್ಬರೇ ಬ್ಲಾಕ್ ಗೆಲ್ಲುವ ಸಾಧ್ಯತೆ ಲೆಕ್ಕದಲ್ಲಿ 16 ಸಾವಿರ ವರ್ಷಕ್ಕೊಮ್ಮೆ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೆ ಅದರ ಪುಟ್ಟ ಪರದೆಯಲ್ಲಿ ಹ್ಯಾಶ್‌ರೇಟ್, ಚಿಪ್ಪಿನ ಬಿಸಿ, ವೋಲ್ಟೇಜ್ ಎಲ್ಲ ಕಾಣುತ್ತದೆ. ವೋಲ್ಟೇಜ್ ಸ್ವಲ್ಪ ಇಳಿಸಿದರೆ ವ್ಯಾಟ್ ಎಷ್ಟು ಇಳಿಯಿತು, ಹ್ಯಾಶ್ ಎಷ್ಟು ಕಳೆದುಕೊಂಡಿರಿ ಅಂತ ನೀವೇ ಬದಲಿಸಿ ನೋಡಬಹುದು. ಡಿಸೈನ್ ಪೂರ್ತಿ ಓಪನ್ ಸೋರ್ಸ್, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿದ್ದರೆ ಸರ್ಕ್ಯೂಟ್ ಚಿತ್ರ ಇಳಿಸಿಕೊಂಡು ಪಕ್ಕದಲ್ಲಿಟ್ಟು ತೋರಿಸಿ.